ಮೊದಲ ಎಂಟು ವಾರ ಕೈ ಬಿಗಿ ಬೇಡ

ಪಶು ಆಹಾರದ ಅಂಗಡಿಗೆ ಹೋಗಿ ‘ಕೋಳಿ ಫೀಡ್ ಕೊಡಿ’ ಎಂದು ಕೇಳಿ ನೋಡಿ. ತಿಳಿದ ಅಂಗಡಿಯವರಾದರೆ ‘ಮರಿಗೋ, ಮೊಟ್ಟೆ ಕೋಳಿಗೋ?’ ಎಂದು ವಿಚಾರಿಸುತ್ತಾರೆ. ತಿಳಿಯದವರಾದರೆ ಕೈಗೆ ಸಿಕ್ಕ ಚೀಲದಿಂದ ಐದು ಕಿಲೋ ತೂಗಿ ಕೊಟ್ಟು ಕಳಿಸುತ್ತಾರೆ. ಸಾಲಾಗಿ ನಿಂತ ಚೀಲಗಳ ಮೇಲೆ ಚಿಕ್ ಸ್ಟಾರ್ಟರ್, ಗ್ರೋವರ್, ಲೇಯರ್, ಬ್ರಾಯ್ಲರ್ ಸ್ಟಾರ್ಟರ್, ಬ್ರಾಯ್ಲರ್ ಫಿನಿಷರ್ ಎಂದೆಲ್ಲ ಬರೆದಿರುತ್ತದೆ. ಬಾಯಿ ಬಿಚ್ಚಿ ನೋಡಿದರೆ ಬಹುತೇಕ ಎಲ್ಲದರಲ್ಲೂ ಅದೇ ಹಳದಿ ಮಿಶ್ರಿತ ಕಂದು ಪುಡಿ, ಅದೇ ವಾಸನೆ. ಕಣ್ಣಿಗೆ ವ್ಯತ್ಯಾಸ ಕಾಣದಿದ್ದಾಗ ಗಿರಾಕಿಯ ಕಣ್ಣು ಹೋಗುವುದು ದರದ ಮೇಲೆ. ಅಗ್ಗದ್ದು ಗಾಡಿ ಹತ್ತುತ್ತದೆ.

ಹಿತ್ತಿಲಲ್ಲಿ ಹತ್ತಿಪ್ಪತ್ತು ಕೋಳಿ ಸಾಕುವ ಹವ್ಯಾಸ ಈಗ ಹಳ್ಳಿ, ಪಟ್ಟಣ ಎರಡರಲ್ಲೂ ಇದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಮತ್ತು ಸ್ವರ್ಣಧಾರ, ಹೆಸರಘಟ್ಟದ ಕೇಂದ್ರ ಸರ್ಕಾರಿ ಕೋಳಿ ಕೇಂದ್ರದ ಕಾವೇರಿ, ಹೈದರಾಬಾದಿನ ವನರಾಜ ಮತ್ತು ಗ್ರಾಮಪ್ರಿಯ ತಳಿಗಳು ಊರೂರು ತಲುಪಿವೆ. ತಳಿಯ ಬಗ್ಗೆ ನಾಲ್ಕು ಜನರನ್ನು ವಿಚಾರಿಸಿ ಮರಿ ತರುವವರು ಅದರ ಆಹಾರದ ಬಗ್ಗೆ ಒಬ್ಬರನ್ನೂ ಕೇಳುವುದಿಲ್ಲ. ಕೋಳಿಮರಿಯ ಆಹಾರದ ಲೆಕ್ಕ ಹೇಳಬೇಕಾದರೆ ಒಂದೇ ಸಾಲು ಸಾಕು: ಮೊದಲ ಎಂಟು ವಾರ ಕೈ ಬಿಗಿ ಹಿಡಿಯಬಾರದು, ಆಮೇಲೆ ಕೈ ಸಡಿಲ ಬಿಡಬಾರದು. ನಾವು ಸಾಮಾನ್ಯವಾಗಿ ಮಾಡುವುದು ಇದಕ್ಕೆ ತದ್ವಿರುದ್ಧ. ಸಣ್ಣ ಮರಿಗೆ ನುಚ್ಚು ಎರಚಿ, ಬೆಳೆದ ಕೋಳಿಗೆ ಚೀಲ ತರುತ್ತೇವೆ.

ಎಂಟು ವಾರದಲ್ಲಿ ಆಗುವುದೇನು

ಮೊಟ್ಟೆಯೊಡೆದು ಹೊರಬಂದ ಮರಿ 40 ಗ್ರಾಂ ಆಸುಪಾಸು ತೂಗುತ್ತದೆ. ಹೊಟ್ಟೆಯೊಳಗೆ ಉಳಿದ ಹಳದಿ ಭಂಡಾರದ ಬಲದಿಂದ ಎರಡು ಮೂರು ದಿನ ಹಾಗೇ ಬದುಕಬಲ್ಲದು. ಒಂದು ದಿನದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ದೂರದೂರಿಗೆ ಕಳಿಸಲು ಆಗುವುದೇ ಈ ಬುತ್ತಿಯಿಂದ. ಆದರೆ ಬದುಕುವುದು ಬೇರೆ, ಬೆಳೆಯುವುದು ಬೇರೆ. ಎಷ್ಟು ಬೇಗ ನೀರು ಮತ್ತು ಆಹಾರ ಕಂಡರೆ ಕರುಳು ಅಷ್ಟು ಬೇಗ ಕೆಲಸಕ್ಕೆ ಅಣಿಯಾಗುತ್ತದೆ.

ಮೊಟ್ಟೆ ತಳಿಯ ಹೆಣ್ಣು ಮರಿ ಎಂಟನೇ ವಾರಕ್ಕೆ ಅರ್ಧ ಕಿಲೋ ದಾಟುತ್ತದೆ. ಎರಡು ತಿಂಗಳಿಗೆ ಹುಟ್ಟುತೂಕದ ಹನ್ನೆರಡು ಪಟ್ಟಿಗಿಂತ ಹೆಚ್ಚು. ಆ ತೂಕವೂ ಕೊಬ್ಬಲ್ಲ. ಮಾಂಸ, ಮೂಳೆ, ಪುಕ್ಕ, ಕರುಳು, ರೋಗ ತಡೆಯುವ ಅಂಗಾಂಗಗಳು ಎಲ್ಲ ಈ ಅವಧಿಯಲ್ಲೇ ಕಟ್ಟಿಕೊಳ್ಳುತ್ತವೆ. ಪುಕ್ಕವೊಂದೇ ನೋಡಿದರೂ ಅದು ಬಹುಪಾಲು ಪ್ರೋಟೀನ್. ಈ ಹೊತ್ತಿನಲ್ಲಿ ಕೊರತೆಯಾದರೆ ಆಮೇಲೆ ಎಷ್ಟು ಸುರಿದರೂ ಪೂರ್ತಿ ತುಂಬಿಕೊಳ್ಳುವುದಿಲ್ಲ. ಹನ್ನೆರಡು ವಾರದ ಹೊತ್ತಿಗೆ ಕೋಳಿಯ ಅಸ್ಥಿಪಂಜರದ ಬಹುಪಾಲು ಬೆಳವಣಿಗೆ ಮುಗಿದಿರುತ್ತದೆ. ಮುಂದೆ ಹಾಕಿದ್ದು ಚೌಕಟ್ಟನ್ನು ಹಿಗ್ಗಿಸದೆ ಕೊಬ್ಬಾಗಿ ಕೂರುತ್ತದೆ.

ಅದಕ್ಕೇ ವಯಸ್ಸಿಗೊಂದು ಚೀಲ. ಭಾರತೀಯ ಮಾನಕ ಬ್ಯೂರೊ ಕೋಳಿ ಆಹಾರಕ್ಕೆ ಐಎಸ್ 1374 ಎಂಬ ಮಾನದಂಡ ಇಟ್ಟಿದೆ. ಅದರಂತೆ ಮೊಟ್ಟೆ ತಳಿಯ ಮರಿಗೆ ಮೊದಲ ಎಂಟು ವಾರ ಕನಿಷ್ಠ ಶೇ 20 ಪ್ರೋಟೀನ್ ಇರುವ ಚಿಕ್ ಆಹಾರ, ಅಲ್ಲಿಂದ ಮೊಟ್ಟೆಗೆ ಬರುವತನಕ ಶೇ 16 ಪ್ರೋಟೀನಿನ ಗ್ರೋವರ್, ಮೊಟ್ಟೆ ಶುರುವಾದ ಮೇಲೆ ಶೇ 16ರಿಂದ 18 ಪ್ರೋಟೀನ್ ಹಾಗೂ ಹೆಚ್ಚು ಕ್ಯಾಲ್ಸಿಯಂ ಇರುವ ಲೇಯರ್. ಮಾಂಸದ ಬ್ರಾಯ್ಲರ್ ಮರಿಗೆ ಶೇ 22-23ರಿಂದ ಆರಂಭ. ಗಿರಿರಾಜದಂಥ ಭಾರದ ತಳಿಯ ಮರಿಗೆ ಮೊದಲ ಐದಾರು ವಾರ ಚಿಕ್ ಸ್ಟಾರ್ಟರ್ ಕೊಟ್ಟೇ ಹೊರಗೆ ಬಿಡಬೇಕು. ಸರ್ಕಾರಿ ಯೋಜನೆಗಳಲ್ಲಿ ಐದಾರು ವಾರ ಸಾಕಿದ ಮರಿಗಳನ್ನೇ ಹಂಚುವುದಕ್ಕೂ ಇದೇ ಕಾರಣ. ಕಷ್ಟದ ಕಾಲ ದಾಟಿದ ಮರಿ ಹಿತ್ತಿಲಲ್ಲಿ ನಿಂತುಕೊಳ್ಳುತ್ತದೆ.

ಈ ಎಂಟು ವಾರದಲ್ಲಿ ಹಗುರ ತಳಿಯ ಒಂದು ಮರಿ ತಿನ್ನುವುದು ಸುಮಾರು 2 ಕಿಲೋ. ಭಾರದ ತಳಿಯಾದರೆ ಅದಕ್ಕಿಂತ ಹೆಚ್ಚು. ಒಳ್ಳೆಯ ಚೀಲಕ್ಕೂ ಅಗ್ಗದ ಚೀಲಕ್ಕೂ ಕಿಲೋಗೆ 5 ರೂಪಾಯಿ ವ್ಯತ್ಯಾಸವಿದೆ ಎಂದೇ ಇಟ್ಟುಕೊಳ್ಳಿ, ಒಂದು ಮರಿಯ ಮೇಲೆ ಉಳಿಯುವುದು 10 ರೂಪಾಯಿ. ಒಂದೂವರೆ ವರ್ಷ ಮೊಟ್ಟೆ ಕೊಡಬೇಕಾದ ಕೋಳಿಯ ಬುನಾದಿಯಲ್ಲಿ ಈ ಹತ್ತು ರೂಪಾಯಿ ಉಳಿಸುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಲೇಯರ್ ಚೀಲದ ಅಪಾಯ

ಮನೆಯಲ್ಲಿ ಆಗಲೇ ಮೊಟ್ಟೆ ಕೋಳಿಗಳಿದ್ದರೆ ಅವುಗಳ ಲೇಯರ್ ಫೀಡನ್ನೇ ಮರಿಗಳಿಗೂ ಹಾಕುವುದು ಎಲ್ಲರ ರೂಢಿ. ‘ಅದೂ ಕೋಳಿಯೇ, ಇದೂ ಕೋಳಿಯೇ’ ಎಂಬ ನ್ಯಾಯ. ಇಲ್ಲಿ ಪ್ರೋಟೀನ್ ಕಡಿಮೆಯಾಗುವುದು ಸಣ್ಣ ತೊಂದರೆ. ದೊಡ್ಡ ತೊಂದರೆ ಕ್ಯಾಲ್ಸಿಯಂ.

ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮೊಟ್ಟೆ ಇಡುವ ಹೇಂಟೆ ದಿನಕ್ಕೆ 110 ಗ್ರಾಂ ಆಸುಪಾಸು ತಿನ್ನುತ್ತದೆ. ತಿಂದ ಕ್ಯಾಲ್ಸಿಯಂನಲ್ಲಿ ಸುಮಾರು ಅರ್ಧ ಮಾತ್ರ ದೇಹಕ್ಕೆ ಹತ್ತುವುದರಿಂದ ದಿನಕ್ಕೆ 4 ಗ್ರಾಂ ಹತ್ತಿರ ಬೇಕು. ಆದ್ದರಿಂದ ಲೇಯರ್ ಆಹಾರದಲ್ಲಿ ಶೇ 3ರಿಂದ 3.5ರಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಕ್ಯಾಲ್ಸಿಯಂ ತುಂಬಿರುತ್ತಾರೆ. ಮರಿಗೆ ಬೇಕಿರುವುದು ಶೇ 1 ಅಷ್ಟೇ. ಚಿಪ್ಪು ಕಟ್ಟುವ ಕೆಲಸವೇ ಇಲ್ಲದ ಮರಿ ಮೂರು ಪಟ್ಟು ಕ್ಯಾಲ್ಸಿಯಂ ತಿಂದರೆ ಹೊರಹಾಕುವ ಹೊರೆಯೆಲ್ಲ ಮೂತ್ರಪಿಂಡದ ಮೇಲೆ. ವಾರಗಟ್ಟಲೆ ಹೀಗೇ ನಡೆದರೆ ಮೂತ್ರಪಿಂಡ ಹಾಳಾಗಿ, ಯೂರಿಕ್ ಆಮ್ಲ ಹೊರಹೋಗದೆ, ಹೃದಯ ಮತ್ತು ಪಿತ್ತಜನಕಾಂಗದ ಮೇಲೆ ಸುಣ್ಣ ಬಳಿದಂತೆ ಬೆಳ್ಳನೆ ಪದರ ಕೂರುತ್ತದೆ. ಕೋಳಿ ವೈದ್ಯರು ಇದನ್ನು ಗೌಟ್ ಎನ್ನುತ್ತಾರೆ. ಕೆಲವು ಮರಿ ಆಗಲೇ ಸಾಯುತ್ತವೆ. ಕೆಲವು ಮೇಲ್ನೋಟಕ್ಕೆ ಚೆನ್ನಾಗಿದ್ದು, ಮೊಟ್ಟೆಗೆ ಬಂದ ಕಾಲಕ್ಕೆ ಒಂದೊಂದಾಗಿ ಉರುಳುತ್ತವೆ. ಆಗ ರೋಗ ಬಂತು ಎಂದುಕೊಳ್ಳುತ್ತೇವೆಯೇ ಹೊರತು ನಾಲ್ಕು ತಿಂಗಳ ಹಿಂದಿನ ಚೀಲ ನೆನಪಾಗುವುದಿಲ್ಲ.

ಹಾಗಾದರೆ ಲೇಯರ್‌ಗೆ ಬದಲಾಯಿಸುವುದು ಯಾವಾಗ? ಮೊದಲ ಮೊಟ್ಟೆಗೆ ಎರಡು ವಾರ ಮುಂಚಿನಿಂದ ಎಳೆ ಹೇಂಟೆ ತನ್ನ ಉದ್ದ ಮೂಳೆಗಳ ಪೊಳ್ಳಿನಲ್ಲಿ ಕ್ಯಾಲ್ಸಿಯಂ ಕೂಡಿಡಲು ಶುರು ಮಾಡುತ್ತದೆ. ಶಿಖೆ ಕೆಂಪಗೆ ಅರಳುವುದು, ಮುಖ ಕೆಂಪೇರುವುದು, ಮುಟ್ಟಲು ಹೋದರೆ ಬೆನ್ನು ಬಗ್ಗಿಸಿ ಕೂರುವುದು ಇದರ ಹೊರಗುರುತು. ಮೊಟ್ಟೆ ತಳಿಗಳಲ್ಲಿ ಇದು 17-18ನೇ ವಾರಕ್ಕೆ, ನಾಟಿ ಕೋಳಿಗಳಲ್ಲಿ ಇನ್ನೂ ತಡವಾಗಿ ಕಾಣುತ್ತದೆ. ಕ್ಯಾಲೆಂಡರ್ ನೋಡುವುದಕ್ಕಿಂತ ಕೋಳಿಯ ಮುಖ ನೋಡಿ ಬದಲಾಯಿಸುವುದು ಒಳ್ಳೆಯದು.

ಮರಿ, ಎಳೆ ಹೇಂಟೆ, ಮೊಟ್ಟೆ ಕೋಳಿ, ಹುಂಜ ಎಲ್ಲ ಒಂದೇ ಗೂಡಿನಲ್ಲಿದ್ದರೆ ಸುಲಭದ ದಾರಿ ಒಂದಿದೆ. ಎಲ್ಲಕ್ಕೂ ಕಡಿಮೆ ಕ್ಯಾಲ್ಸಿಯಂನ ಸ್ಟಾರ್ಟರ್ ಅಥವಾ ಗ್ರೋವರ್ ಹಾಕಿ, ಪುಡಿ ಮಾಡಿದ ಕಪ್ಪೆಚಿಪ್ಪು ಇಲ್ಲವೇ ಸುಣ್ಣಕಲ್ಲಿನ ಹರಳನ್ನು ಬೇರೆ ಬಟ್ಟಲಲ್ಲಿ ಇಡುವುದು. ಮೊಟ್ಟೆ ಇಡುವ ಹೇಂಟೆ ಬೇಕಾದಷ್ಟು ಕುಕ್ಕಿ ತಿನ್ನುತ್ತದೆ, ಮರಿ ಅದರ ಗೋಜಿಗೆ ಅಷ್ಟಾಗಿ ಹೋಗುವುದಿಲ್ಲ. ಕ್ಯಾಲ್ಸಿಯಂ ಬೇಕೆಂದಾಗ ಅದನ್ನು ಹುಡುಕಿಕೊಳ್ಳುವ ಬುದ್ಧಿ ಕೋಳಿಗಿದೆ. ಆಹಾರದಲ್ಲೇ ಬೆರೆಸಿಬಿಟ್ಟರೆ ಮಾತ್ರ ಬೇಡವೆನ್ನುವ ದಾರಿ ಅದಕ್ಕಿರುವುದಿಲ್ಲ.

ಬ್ರಾಯ್ಲರ್ ಚೀಲದ ಆಸೆ

ಇನ್ನು ಕೆಲವರದು ಇದಕ್ಕೆ ವಿರುದ್ಧವಾದ ಉತ್ಸಾಹ. ‘ಬ್ರಾಯ್ಲರ್ ಫೀಡ್ ಹಾಕಿದರೆ ಬೇಗ ಬೆಳೆಯುತ್ತವಂತೆ’ ಎಂದು ಕೇಳಿ ಮೊಟ್ಟೆಗೆಂದು ತಂದ ಮರಿಗಳಿಗೆ ತಿಂಗಳುಗಟ್ಟಲೆ ಅದನ್ನೇ ಹಾಕುತ್ತಾರೆ. ಬ್ರಾಯ್ಲರ್ ಐದಾರು ವಾರದಲ್ಲಿ ಎರಡು ಕಿಲೋ ತೂಗುವುದು ಆಹಾರದ ಮಾಯೆಯಿಂದಲ್ಲ. ದಶಕಗಳ ತಳಿ ಆಯ್ಕೆಯ ಫಲ ಅದು. ಅದೇ ಆಹಾರ ತಿಂದ ನಾಟಿ ಮರಿ ಬ್ರಾಯ್ಲರ್ ಆಗುವುದಿಲ್ಲ.

ಮೊದಲ ಎರಡು ಮೂರು ವಾರ ಚಿಕ್ ಸ್ಟಾರ್ಟರ್ ಸಿಗದೆ ಬ್ರಾಯ್ಲರ್ ಸ್ಟಾರ್ಟರ್ ಹಾಕಿದರೆ ದೊಡ್ಡ ನಷ್ಟವಿಲ್ಲ. ಬೆಳೆಯುವ ವಯಸ್ಸಿನಲ್ಲೂ ಅದನ್ನೇ ಮುಂದುವರಿಸಿದರೆ ತೊಂದರೆ. ಅತಿ ಶಕ್ತಿಯ ಆಹಾರ ತಿಂದ ಹೇಂಟೆಯ ಹೊಟ್ಟೆಯಲ್ಲಿ ಕೊಬ್ಬು ತುಂಬುತ್ತದೆ. ಅಂಥದ್ದು ದೇಹ ಹದಕ್ಕೆ ಬರುವ ಮೊದಲೇ ಮೊಟ್ಟೆಗೆ ಬಂದರೆ ಮೊಟ್ಟೆ ಸಣ್ಣದಿರುತ್ತದೆ, ಮೊಟ್ಟೆ ಇಡುವಾಗ ಗುದ ಹೊರಬರುವ ಸಂಭವವೂ ಹೆಚ್ಚು. ಹೆಚ್ಚುವರಿ ಪ್ರೋಟೀನ್ ಹಿಕ್ಕೆಯ ಮೂಲಕ ಹೊರಬಂದು, ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಾದರೆ ಅಮೋನಿಯಾ ವಾಸನೆ ಕಣ್ಣು ಉರಿಸುತ್ತದೆ. ಗ್ರೋವರ್ ಹಂತದಲ್ಲಿ ಪ್ರೋಟೀನ್ ಇಳಿಸುವುದನ್ನು ಉಳಿತಾಯ ಎಂದುಕೊಳ್ಳಬೇಡಿ. ಅದು ಬೆಳವಣಿಗೆಯನ್ನು ಹದದಲ್ಲಿ ಹಿಡಿಯುವ ಉಪಾಯ.

ನುಚ್ಚು ಬೆರೆಸಿದರೆ ಕಳೆಯುವ ಲೆಕ್ಕ

ಮರಿಯ ಚೀಲ ದುಬಾರಿ ಎಂದು ಅದಕ್ಕೆ ಅಕ್ಕಿ ನುಚ್ಚು, ಮೆಕ್ಕೆಜೋಳದ ಹಿಟ್ಟು, ರಾಗಿ ಬೆರೆಸಿ ಹಿಗ್ಗಿಸುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಶೇ 20 ಪ್ರೋಟೀನಿನ ಸ್ಟಾರ್ಟರ್‌ಗೆ ಶೇ 8 ಪ್ರೋಟೀನಿನ ನುಚ್ಚನ್ನು ಸಮಸಮ ಬೆರೆಸಿದರೆ ಸಿಗುವುದು ಶೇ 14. ಗ್ರೋವರ್‌ಗಿಂತಲೂ ಕಡಿಮೆ. ಮೂರು ಪಾಲು ಸ್ಟಾರ್ಟರ್‌ಗೆ ಒಂದು ಪಾಲು ನುಚ್ಚು ಹಾಕಿದರೂ ಶೇ 17ಕ್ಕೆ ಇಳಿಯುತ್ತದೆ. ಚೀಲದಲ್ಲಿ ಅಳತೆ ಮಾಡಿ ಬೆರೆಸಿದ್ದ ವಿಟಮಿನ್ನು, ಖನಿಜಗಳೂ ಅದೇ ಪ್ರಮಾಣದಲ್ಲಿ ತೆಳುವಾಗುತ್ತವೆ.

ಕಡಿಮೆ ಪ್ರೋಟೀನ್ ಇದ್ದರೆ ಮರಿ ಎರಡು ಪಟ್ಟು ತಿಂದು ಸರಿದೂಗಿಸಿಕೊಳ್ಳಬಹುದಲ್ಲ ಎಂದರೆ, ಅದೂ ಆಗುವುದಿಲ್ಲ. ಕೋಳಿ ತಿನ್ನುವುದನ್ನು ನಿಲ್ಲಿಸುವುದು ಮುಖ್ಯವಾಗಿ ಶಕ್ತಿಯ ಲೆಕ್ಕದ ಮೇಲೆ. ನುಚ್ಚು, ಜೋಳ ಶಕ್ತಿಯಲ್ಲಿ ಶ್ರೀಮಂತ. ಮರಿಗೆ ಬೇಗ ತೃಪ್ತಿಯಾಗುತ್ತದೆ, ಪ್ರೋಟೀನ್ ಮಾತ್ರ ಸಾಲದೆ ಉಳಿಯುತ್ತದೆ. ಹೊಟ್ಟೆ ತುಂಬಿದ ಮರಿಯೇ ಪುಕ್ಕ ಸರಿಯಾಗಿ ಬಾರದೆ ಒಣಗಿಕೊಂಡು ನಿಲ್ಲುವುದು ಹೀಗೆ.

ರಾಗಿಯ ಮೇಲೆ ನಮಗೆ ವಿಶೇಷ ಅಭಿಮಾನ. ಧಾನ್ಯಗಳಲ್ಲಿ ಕ್ಯಾಲ್ಸಿಯಂ ಹೆಚ್ಚಿರುವುದು ರಾಗಿಯಲ್ಲೇ, ನಿಜ. ಆದರೂ ಅದು 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ, ಅಂದರೆ ಮರಿಗೆ ಬೇಕಾದದ್ದರ ಮೂರನೇ ಒಂದು ಪಾಲು. ಪ್ರೋಟೀನ್ ಶೇ 7ರ ಸುತ್ತ. ಬೆಳೆದ ಕೋಳಿಗೆ ಸಂಜೆ ಒಂದು ಹಿಡಿ ರಾಗಿ ಎರಚಲು ಅಡ್ಡಿಯಿಲ್ಲ. ಎಳೆ ಮರಿಗೆ ಅದೇ ಊಟವಾಗಬಾರದು.

ಬರೀ ಅನ್ನ ತಿಂದ ಕೋಳಿಯ ಕಥೆ ವಿಜ್ಞಾನದ ಚರಿತ್ರೆಯಲ್ಲೇ ಇದೆ. 1890ರ ಸುಮಾರಿಗೆ ಜಾವಾದ ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯ ಬೆರಿಬೆರಿ ರೋಗದ ಬೆನ್ನು ಹತ್ತಿದ್ದ. ಪ್ರಯೋಗಾಲಯದ ಅಂಗಳದ ಕೋಳಿಗಳು ಒಮ್ಮೆಲೇ ಕಾಲು ಸ್ವಾಧೀನ ತಪ್ಪಿ ಬೀಳತೊಡಗಿದವು. ಕೆಲವು ತಿಂಗಳಲ್ಲಿ ತಾವಾಗಿಯೇ ಚೇತರಿಸಿಕೊಂಡವು. ವಿಚಾರಿಸಿದಾಗ ಗೊತ್ತಾಯಿತು: ನಡುವಿನ ಅವಧಿಯಲ್ಲಿ ಅವಕ್ಕೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಪಾಲಿಶ್ ಅಕ್ಕಿಯ ಅನ್ನ ಹಾಕುತ್ತಿದ್ದರು. ಹೊಸದಾಗಿ ಬಂದ ಅಡುಗೆಯವನು ಮಿಲಿಟರಿಯ ಅನ್ನವನ್ನು ಕೋಳಿಗೆ ಕೊಡಲು ಒಪ್ಪದಿದ್ದಾಗ ಅವು ಮತ್ತೆ ಪಾಲಿಶ್ ಮಾಡದ ಅಕ್ಕಿಗೆ ಮರಳಿದ್ದವು. ಅಕ್ಕಿಯ ತೌಡಿನಲ್ಲಿ ಜೀವಕ್ಕೆ ಬೇಕಾದ್ದೇನೋ ಇದೆ ಎಂಬ ಸುಳಿವು ಸಿಕ್ಕಿದ್ದು ಅಲ್ಲಿ. ಮುಂದೆ ಅದು ಬಿ1 ವಿಟಮಿನ್ ಎಂದಾಯಿತು. 1929ರಲ್ಲಿ ಐಕ್‌ಮನ್‌ಗೆ ನೊಬೆಲ್ ಬಂತು. ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ವಿಟಮಿನ್ ಪತ್ತೆಯಾದದ್ದೂ ಡೆನ್ಮಾರ್ಕಿನ ಹೆನ್ರಿಕ್ ಡಾಮ್ ವಿಶೇಷ ಆಹಾರದಲ್ಲಿ ಸಾಕಿದ್ದ ಕೋಳಿಮರಿಗಳಿಂದಲೇ. ಆಹಾರದಲ್ಲಿ ಒಂದು ಅಂಶ ತಪ್ಪಿದರೂ ಕೋಳಿಮರಿ ಎಷ್ಟು ಬೇಗ ತೋರಿಸಿಕೊಡುತ್ತದೆ ಎಂಬುದಕ್ಕೆ ಇವೆರಡು ಸಾಕ್ಷಿ ಸಾಕು.

ಇಂದಿಗೂ ಮರಿಯ ಮೈಯೇ ಕೊರತೆಯನ್ನು ಹೇಳುತ್ತದೆ. ಕಾಲ್ಬೆರಳು ಒಳಕ್ಕೆ ಮುದುರಿ ಹಿಮ್ಮಡಿಯ ಮೇಲೆ ಕೂತರೆ ಬಿ2 ಕೊರತೆ ಇರಬಹುದು. ತಲೆ ಹಿಂದಕ್ಕೆ ವಾಲಿ ಆಕಾಶ ನೋಡುತ್ತಿದ್ದರೆ ಬಿ1. ಕಾಲು ಬಾಗಿ, ಕೊಕ್ಕು ಮೆತ್ತಗಾದರೆ ಡಿ3, ಕ್ಯಾಲ್ಸಿಯಂ ಅಥವಾ ರಂಜಕದ ಎಡವಟ್ಟು. ಕೆಲವು ರೋಗಗಳಲ್ಲೂ ಇಂಥವೇ ಲಕ್ಷಣ ಕಾಣುವುದರಿಂದ ಪಶುವೈದ್ಯರಿಗೆ ತೋರಿಸುವುದು ಸರಿ. ಜೊತೆಗೆ ಆಹಾರದ ಚೀಲವನ್ನೂ ತೋರಿಸಿ.

ಮನೆಯಲ್ಲೇ ಬೆರೆಸುವವರಿಗೆ

ದಾವಣಗೆರೆ, ಹಾವೇರಿ ಸೀಮೆಯಲ್ಲಿ ಮೆಕ್ಕೆಜೋಳ, ಬೀದರ್ ಕಡೆ ಸೋಯಾ ಹೊಲದಲ್ಲೇ ಬೆಳೆಯುತ್ತದೆ. ಅಂಥವರು ಮನೆಯಲ್ಲೇ ಆಹಾರ ಬೆರೆಸಲು ಹೊರಡುವುದು ಸಹಜ. ಪ್ರೋಟೀನಿನ ಲೆಕ್ಕ ಸುಲಭ. ಜೋಳದಲ್ಲಿ ಶೇ 9, ಸೋಯಾ ಹಿಂಡಿಯಲ್ಲಿ ಶೇ 45, ಬೇಕಾದದ್ದು ಶೇ 20 ಎಂದುಕೊಳ್ಳಿ. 45ರಿಂದ 20 ಕಳೆದರೆ 25, ಅದು ಜೋಳದ ಪಾಲು. 20ರಿಂದ 9 ಕಳೆದರೆ 11, ಅದು ಹಿಂಡಿಯ ಪಾಲು. ಅಂದರೆ 36 ಕಿಲೋಗೆ 25 ಕಿಲೋ ಜೋಳ, 11 ಕಿಲೋ ಹಿಂಡಿ.

ಇಷ್ಟಕ್ಕೇ ಆಹಾರ ಆಗಲಿಲ್ಲ. ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಸೋಯಾದಲ್ಲಿ ಮೆಥಿಯೋನಿನ್ ಕಡಿಮೆ. ಎರಡೂ ಸೇರಿದಾಗ ಲೈಸಿನ್ ಸರಿಹೋಗುತ್ತದೆ, ಮೆಥಿಯೋನಿನ್ ಪುಡಿಯನ್ನು ಸ್ವಲ್ಪ ಸೇರಿಸಲೇಬೇಕು. ಕ್ಯಾಲ್ಸಿಯಂ, ರಂಜಕ, ಉಪ್ಪು, ವಿಟಮಿನ್ನುಗಳು ಬೇರೆ. ಮಾದರಿಗೆ 100 ಕಿಲೋ ಮರಿ ಆಹಾರದಲ್ಲಿ ಮೆಕ್ಕೆಜೋಳ 58, ಸೋಯಾ ಹಿಂಡಿ 31, ಎಣ್ಣೆ ತೆಗೆದ ಅಕ್ಕಿ ತೌಡು 7 ಕಿಲೋ ಎಂದು ಹಿಡಿದರೆ, ಉಳಿದ 4 ಕಿಲೋದಲ್ಲಿ ಕೋಳಿಗೆಂದೇ ಮಾಡಿದ ಖನಿಜ ಮಿಶ್ರಣ, 300 ಗ್ರಾಂ ಸುತ್ತಮುತ್ತ ಉಪ್ಪು, ಮೆಥಿಯೋನಿನ್, ವಿಟಮಿನ್ ಪುಡಿ ಬರಬೇಕು. ಗ್ರಾಂ ಲೆಕ್ಕದ ಪುಡಿಗಳನ್ನು ನೇರವಾಗಿ ರಾಶಿಗೆ ಎರಚಬಾರದು. ಮೊದಲು ಒಂದು ಕಿಲೋ ಹಿಟ್ಟಿಗೆ, ಅದನ್ನು ಐದು ಕಿಲೋಗೆ, ಆಮೇಲೆ ರಾಶಿಗೆ ಬೆರೆಸಬೇಕು. ಇಲ್ಲದಿದ್ದರೆ ಒಂದು ಮರಿಗೆ ಉಪ್ಪು ಹೆಚ್ಚು, ಇನ್ನೊಂದಕ್ಕೆ ವಿಟಮಿನ್ನೇ ಇಲ್ಲ ಎಂಬಂತಾಗುತ್ತದೆ.

ಎರಡು ಎಚ್ಚರಿಕೆ. ಹಸಿ ಸೋಯಾ ಕಾಳನ್ನು ಬೀಸಿ ಹಾಕಬೇಡಿ. ಅದರಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವಿದ್ದು, ಸರಿಯಾಗಿ ಬಿಸಿ ಮಾಡಿದರೆ ಮಾತ್ರ ಅದು ಅಡಗುತ್ತದೆ. ಇನ್ನೊಂದು, ಹಸುವಿನ ಫೀಡನ್ನು ಮರಿಗೆ ಹಾಕಬೇಡಿ. ಕೆಲವು ಪಶು ಆಹಾರದಲ್ಲಿ ಯೂರಿಯಾ ಇರುತ್ತದೆ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಯೂರಿಯಾವನ್ನು ಪ್ರೋಟೀನ್ ಮಾಡಿಕೊಳ್ಳುತ್ತವೆ. ಕೋಳಿಗೆ ಆ ಹೊಟ್ಟೆಯೇ ಇಲ್ಲ.

ಪುಡಿಯೋ, ರವೆಯೋ

ಮರಿಗೆ ಆಹಾರ ಹೇಗಿದೆ ಎಂಬುದೂ ಮುಖ್ಯ. ಹಿಟ್ಟಿನಂಥ ಮ್ಯಾಶ್, ರವೆಯಂತೆ ಹರಳಾದ ಕ್ರಂಬ್ಸ್, ಕಡ್ಡಿಯಂಥ ಪೆಲೆಟ್ ಎಂದು ಮೂರು ಬಗೆ. ಪೆಲೆಟ್ ಸಣ್ಣ ಕೊಕ್ಕಿಗೆ ದೊಡ್ಡದಾಯಿತು. ಮ್ಯಾಶ್ ಅಗ್ಗ, ಆದರೆ ಕೋಳಿ ಅದರಲ್ಲಿ ದಪ್ಪ ಜೋಳದ ಚೂರನ್ನು ಆರಿಸಿ ತಿಂದು ಪುಡಿಯನ್ನು ತಳದಲ್ಲೇ ಬಿಡುತ್ತದೆ. ವಿಟಮಿನ್, ಖನಿಜ ಇರುವುದು ಆ ಪುಡಿಯಲ್ಲೇ. ಕ್ರಂಬ್ಸ್‌ನಲ್ಲಿ ಪ್ರತಿ ಹರಳಿನಲ್ಲೂ ಎಲ್ಲವೂ ಇರುವುದರಿಂದ ಮನೆಮಟ್ಟದ ಸಾಕಣೆಗೆ ಅದೇ ವಾಸಿ. ಮ್ಯಾಶ್ ಹಾಕುವವರು ದಿನಕ್ಕೊಮ್ಮೆ ತಟ್ಟೆ ಪೂರ್ತಿ ಖಾಲಿಯಾಗಲು ಬಿಟ್ಟು ಆಮೇಲೆ ಹೊಸದು ಸುರಿಯಬೇಕು. ತಟ್ಟೆಯನ್ನು ಅಂಚಿನವರೆಗೆ ತುಂಬಬೇಡಿ, ಅರ್ಧಕ್ಕೆ ನಿಲ್ಲಿಸಿ. ತುಂಬಿದ ತಟ್ಟೆಯಿಂದ ಕೆದರಿ ಚೆಲ್ಲುವುದೇ ಹೆಚ್ಚು. ತಟ್ಟೆಯ ಅಂಚು ಮರಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ವಾರವಾರ ಏರಿಸುತ್ತ ಹೋಗಬೇಕು.

ಮರಿ ಬಂದ ದಿನ ಬೆಲ್ಲದ ನೀರು ಕುಡಿಸಿ, ಕಾಗದದ ಮೇಲೆ ಜೋಳದ ನುಚ್ಚು ಎರಚುವ ರೂಢಿಯಿದೆ. ಪ್ರಯಾಣದ ದಣಿವಿಗೆ ಕೆಲವು ಗಂಟೆ ಅದು ಸರಿ. ಅದೇ ದಿನ ಸ್ಟಾರ್ಟರ್ ಬರಬೇಕು. ಮರಿ ತಿಂದ ಆಹಾರದ ಎರಡು ಪಟ್ಟು ತೂಕದ ನೀರು ಕುಡಿಯುತ್ತದೆ. ನೀರು ನಿಂತರೆ ಆಹಾರವೂ ನಿಲ್ಲುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮಧ್ಯಾಹ್ನ ಮರಿಗಳು ತಿನ್ನಲು ಮನಸ್ಸು ಮಾಡುವುದಿಲ್ಲ. ನಸುಕಿನಲ್ಲಿ ಮತ್ತು ಸಂಜೆ ತಂಪಿಗೆ ಹಾಕಿದ್ದೇ ಮೈಗೆ ಹತ್ತುತ್ತದೆ. ಇಡೀ ಕಾಳು ತಿನ್ನುವ ವಯಸ್ಸಿಗೆ ಬಂದಾಗ ಸ್ವಲ್ಪ ದಪ್ಪ ಮರಳು ಬೇಕು. ಹಲ್ಲಿಲ್ಲದ ಕೋಳಿ ಕಾಳನ್ನು ಹೊಟ್ಟೆಯೊಳಗಿನ ಗಟ್ಟಿ ಸ್ನಾಯುಚೀಲದಲ್ಲಿ ಕಲ್ಲಿನ ಸಹಾಯದಿಂದಲೇ ಅರೆಯುವುದು. ಪುಡಿ ಆಹಾರಕ್ಕೆ ಅದರ ಅಗತ್ಯವಿಲ್ಲ.

ಒಂದು ಆಹಾರದಿಂದ ಇನ್ನೊಂದಕ್ಕೆ ಹೋಗುವಾಗ ಐದಾರು ದಿನ ಹಳೆಯದನ್ನು ಕಡಿಮೆ, ಹೊಸದನ್ನು ಹೆಚ್ಚು ಮಾಡುತ್ತ ಬದಲಾಯಿಸಬೇಕು. ದಿಢೀರನೆ ಬದಲಾಯಿಸಿದರೆ ಕೆಲವು ಮರಿ ತಿನ್ನುವುದನ್ನೇ ಬಿಡುತ್ತವೆ.

ಚೀಲದಲ್ಲಿರುವ ಔಷಧ

ಮೂರರಿಂದ ಆರು ವಾರದ ಮರಿಗಳಿಗೆ ರಕ್ತಭೇದಿಯ ಕಾಟ ಹೆಚ್ಚು. ಒದ್ದೆ ಹಾಸಿನಲ್ಲಿ ಬೆಳೆಯುವ ಕಾಕ್ಸಿಡಿಯಾ ಎಂಬ ಏಕಕೋಶ ಪರಾವಲಂಬಿ ಕರುಳನ್ನು ಕೊರೆದು ಹಿಕ್ಕೆಯಲ್ಲಿ ರಕ್ತ ಬರಿಸುತ್ತದೆ. ಇದನ್ನು ತಡೆಯಲು ಕೆಲವು ಸ್ಟಾರ್ಟರ್‌ಗಳಲ್ಲಿ ಔಷಧ ಬೆರೆಸಿರುತ್ತಾರೆ. ಆಂಪ್ರೋಲಿಯಂ ಅಂಥದ್ದರಲ್ಲಿ ಒಂದು. ಅದರ ರಚನೆ ಬಿ1 ವಿಟಮಿನ್ನನ್ನು ಹೋಲುತ್ತದೆ. ಪರಾವಲಂಬಿ ಬಿ1 ಎಂದುಕೊಂಡು ಅದನ್ನು ಹೀರಿ, ನಿಜವಾದ ಬಿ1 ಸಿಗದೆ ಸೊರಗುತ್ತದೆ. ಆದ್ದರಿಂದ ಆಂಪ್ರೋಲಿಯಂ ಕೊಡುವ ದಿನಗಳಲ್ಲಿ ಬಿ1 ಇರುವ ಟಾನಿಕ್ಕನ್ನು ನೀರಿಗೆ ಸುರಿದರೆ ಔಷಧದ ಬಲ ಕುಂದುತ್ತದೆ. ಎರಡನ್ನೂ ಒಟ್ಟಿಗೆ ಹಾಕುವವರು ತುಂಬಾ ಜನ. ರಕ್ತಭೇದಿಗೆ ಲಸಿಕೆ ಹಾಕಿಸಿದ ಮರಿಗಳಿಗೂ ಔಷಧ ಬೆರೆತ ಆಹಾರ ಬೇಡ. ಲಸಿಕೆಯಲ್ಲಿರುವುದು ಜೀವಂತ ಪರಾವಲಂಬಿ, ಔಷಧ ಅದನ್ನೂ ಕೊಂದುಬಿಡುತ್ತದೆ.

ರಕ್ತಭೇದಿ ತಡೆಯುವ ಔಷಧ ಬೇರೆ, ಬೆಳವಣಿಗೆಗೆಂದು ಸುಮ್ಮನೆ ಕೊಡುವ ಆಂಟಿಬಯಾಟಿಕ್ ಬೇರೆ. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿದಿರುವ ಕೊಲಿಸ್ಟಿನ್ ಅನ್ನು ಕೋಳಿ ಮತ್ತಿತರ ಆಹಾರ ಪ್ರಾಣಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಚೀಲದ ಮೇಲೆ ಔಷಧದ ಹೆಸರಿದ್ದರೆ, ಮೊಟ್ಟೆ, ಮಾಂಸ ಬಳಸುವುದಕ್ಕೆ ಎಷ್ಟು ದಿನ ಮೊದಲು ಅದನ್ನು ನಿಲ್ಲಿಸಬೇಕು ಎಂಬುದೂ ಇರುತ್ತದೆ. ಮೊಟ್ಟೆ, ಮಾಂಸ ಮನೆಯವರೇ ತಿನ್ನುವುದಾದ್ದರಿಂದ ಅದನ್ನು ಓದಿ ಪಾಲಿಸುವುದು ನಮ್ಮದೇ ಹಿತಕ್ಕೆ.

ಬೂಷ್ಟು ಬಂದದ್ದು ತಿಪ್ಪೆಗೆ

‘ಸ್ವಲ್ಪ ಬೂಷ್ಟು ಬಂದಿದೆ, ಕೋಳಿಗೆ ಹಾಕೋಣ’ ಎಂಬ ಮಾತು ನಮ್ಮ ಮನೆಗಳಲ್ಲಿ ಸಾಮಾನ್ಯ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿ ಸಿಕ್ಕಿತು. ಹಿಂಡಿಯಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು, ಅದು ಬಿಟ್ಟ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಶೇಂಗಾ ಹಿಂಡಿ, ಸರಿಯಾಗಿ ಒಣಗದ ಮೆಕ್ಕೆಜೋಳ ಎರಡರಲ್ಲೂ ಇದರ ಭಯವಿದೆ. ಬಿಸಿಲಿಗೆ ಹಾಕಿದರೆ ಬೂಷ್ಟು ಕಾಣದಾಗಬಹುದು, ವಿಷ ಹೋಗುವುದಿಲ್ಲ. ಯಕೃತ್ತು ಕೆಟ್ಟು, ರೋಗನಿರೋಧಕ ಶಕ್ತಿ ಕುಸಿದು, ಹಾಕಿಸಿದ ಲಸಿಕೆಯೂ ಹಿಡಿಯದಂತಾಗುತ್ತದೆ. ಎಳೆ ಮರಿಗಳೇ ಇದಕ್ಕೆ ಮೊದಲ ಬಲಿ.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಚೀಲವನ್ನು ನೆಲಕ್ಕೆ, ಗೋಡೆಗೆ ತಾಗಿಸಿ ಇಡಬಾರದು. ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ, ಇಲಿ ಬಾರದ ಕಡೆ ಇರಲಿ. ತಯಾರಾದ ದಿನದಿಂದ ಒಂದೂವರೆ ತಿಂಗಳೊಳಗೆ ಮುಗಿಯುವಷ್ಟೇ ತರಬೇಕು. ಐದಾರು ಮರಿ ಇದ್ದವರು 50 ಕಿಲೋ ಚೀಲ ಅಗ್ಗವೆಂದು ತಂದರೆ ಕೊನೆಯ ಇಪ್ಪತ್ತು ಕಿಲೋದಲ್ಲಿ ವಿಟಮಿನ್ ಸಪ್ಪೆಯಾಗಿರುತ್ತದೆ.

ಅಜೋಲಾ, ಗೆದ್ದಲು, ಹಿತ್ತಿಲು

ತೊಟ್ಟಿಯ ನೀರಿನಲ್ಲಿ ಬೆಳೆಸುವ ಅಜೋಲಾ ಎಂಬ ಜಲಸಸ್ಯ ಕೊಟ್ಟರೆ ಫೀಡೇ ಬೇಡ ಎಂಬ ಪ್ರಚಾರ ಜೋರಾಗಿದೆ. ಒಣಗಿಸಿದ ಅಜೋಲಾದಲ್ಲಿ ಶೇ 20ರಿಂದ 25 ಪ್ರೋಟೀನ್ ಇರುವುದು ನಿಜ. ತೊಟ್ಟಿಯಿಂದ ತೆಗೆದ ಹಸಿ ಅಜೋಲಾದಲ್ಲಿ ಶೇ 93ಕ್ಕೂ ಹೆಚ್ಚು ನೀರೇ. 100 ಗ್ರಾಂ ಹಸಿ ಅಜೋಲಾದಿಂದ ಸಿಗುವ ಪ್ರೋಟೀನ್ ಒಂದೂವರೆ ಗ್ರಾಂ ಆಸುಪಾಸು. ಬೆಳೆದ ಕೋಳಿಗೆ ಹಸಿರು ಮೇವಾಗಿ ಒಳ್ಳೆಯದು, ಮರಿಯ ಪುಟ್ಟ ಹೊಟ್ಟೆಗೆ ಅದು ಬರೀ ನೀರಿನ ಭಾರ. ಗೆದ್ದಲು, ಹುಳುಗಳ ಮಾತು ಬೇರೆ. ಹಳೆಯ ಮಡಕೆಗೆ ಸಗಣಿ, ಹುಲ್ಲು ತುಂಬಿ ಗೆದ್ದಲಿರುವ ಕಡೆ ಬೋರಲು ಹಾಕಿ, ಮಾರನೆಯ ದಿನ ಮರಿಗಳ ಮುಂದೆ ಕೊಡಹುವ ಹಳಬರ ಉಪಾಯ ಅಪ್ಪಟ ಪ್ರೋಟೀನ್ ಪೂರೈಕೆಯೇ. ತಾಯಿಕೋಳಿ ಕೆದರಿ ತಿನ್ನಿಸುವುದೂ ಇದನ್ನೇ. ನಾಟಿ ಮರಿಗಳು ಚೀಲವಿಲ್ಲದೆ ಬೆಳೆದದ್ದು ನುಚ್ಚಿನಿಂದ ಎಂದುಕೊಂಡಿದ್ದೇವೆ, ಹುಳುಗಳ ಪಾಲನ್ನು ಮರೆತಿದ್ದೇವೆ. ಸಿಮೆಂಟು ಅಂಗಳದಲ್ಲಿ, ಪಂಜರದಲ್ಲಿ ಸಾಕುವವರಿಗೆ ಆ ಹುಳು ಸಿಗುವುದಿಲ್ಲ. ಅವರ ಮರಿಗೆ ಚೀಲದಲ್ಲಿ ಇರುವುದಷ್ಟೇ ಜಗತ್ತು.

ಮುಂದಿನ ಸಲ ಅಂಗಡಿಗೆ ಹೋದಾಗ ದರ ಕೇಳುವ ಮೊದಲು ಚೀಲಕ್ಕೆ ಹೊಲಿದ ಚೀಟಿ ಓದಿ: ಯಾವ ವಯಸ್ಸಿಗೆ, ಪ್ರೋಟೀನ್ ಎಷ್ಟು, ಕ್ಯಾಲ್ಸಿಯಂ ಎಷ್ಟು, ಔಷಧ ಇದೆಯೇ, ತಯಾರಾದ ದಿನ ಯಾವುದು. ಚೀಟಿ ಇಲ್ಲದ ಚೀಲ, ಬಿಡಿಯಾಗಿ ತೂಗಿ ಕೊಡುವ ಹೆಸರಿಲ್ಲದ ಫೀಡ್ ಎಷ್ಟೇ ಅಗ್ಗವಾದರೂ ಎಳೆ ಮರಿಗೆ ಬೇಡ. ಮನೆಯಲ್ಲಿ ಒಂದು ಸಣ್ಣ ತಕ್ಕಡಿ ಇಟ್ಟುಕೊಂಡು ವಾರಕ್ಕೊಮ್ಮೆ ನಾಲ್ಕೈದು ಮರಿಗಳನ್ನು ತೂಗಿ ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಆಹಾರ ಸರಿಯಿದೆಯೋ ಇಲ್ಲವೋ ಎಂಬುದನ್ನು ಚೀಲದ ಮೇಲಿನ ಜಾಹೀರಾತಿಗಿಂತ ಆ ಅಂಕಿಗಳೇ ನಿಖರವಾಗಿ ಹೇಳುತ್ತವೆ.